ಒಂದೇ ಸ್ಕ್ರಿಪ್ಟ್, ಎಲ್ಲ ಸರ್ವರ್‌ಗೂ: ಪಿಎಚ್‌ಪಿ ಕಮಾಂಡ್ ಲೈನ್ ಕೆಲಸಗಳ ಸಮಗ್ರ ಮಾರ್ಗದರ್ಶಿ

ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪಿಎಚ್‌ಪಿ ಕೋಡು ಕ್ರಾನ್‌ಗೆ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕಿದ ಕೂಡಲೇ ಕೈಕೊಡುತ್ತದೆ. ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಓಡುತ್ತಿದ್ದದ್ದು ವಿಪಿಎಸ್‌ಗೆ (ನಮ್ಮದೇ ವರ್ಚುವಲ್ ಸರ್ವರ್) ಬಂದ ಮೇಲೆ ನಿಲ್ಲುತ್ತದೆ. ವೆಬ್ ಸರ್ವರನ್ನು ಅಪಾಚೆಯಿಂದ ಎಂಜಿನ್‌ಎಕ್ಸ್‌ಗೆ ಬದಲಿಸಿದರೆ ಇನ್ನೊಂದು ತಕರಾರು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಕಾರಣ ಸರಳ. ವೆಬ್ ಸರ್ವರ್ ನಮ್ಮ ಕೋಡಿಗೆ ಕೇಳದೆಯೇ ಎಷ್ಟೋ ಕೊಡುತ್ತಿರುತ್ತದೆ. ಸೈಟ್ ಯಾವ ಫೋಲ್ಡರ್‌ನಲ್ಲಿದೆ, ಡೊಮೈನ್ ಯಾವುದು, ಡೇಟಾಬೇಸ್ ಪಾಸ್‌ವರ್ಡ್ ಏನು, ಯಾವ ಯೂಸರ್ ಆಗಿ ಓಡಬೇಕು, ಎಲ್ಲವೂ ಅಲ್ಲಿಂದಲೇ ಬರುತ್ತದೆ. ಕಮಾಂಡ್ ಲೈನ್‌ನಲ್ಲಿ ಕೊಡುವವರಿಲ್ಲ. ಹಾಗಾಗಿ ಸ್ಕ್ರಿಪ್ಟ್ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳಬೇಕು, ಸಿಗದಿದ್ದರೆ ಜೋರಾಗಿ ಹೇಳಿ ನಿಲ್ಲಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕೇ.

ಕನ್ನಡ ಸುದ್ದಿ ತಾಣವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಾ ಬೆಳಿಗ್ಗೆ 6 ಗಂಟೆಗೆ ಅಂದಿನ ಮುಖ್ಯ ಸುದ್ದಿಗಳು ಓದುಗರ ಇಮೇಲ್‌ಗೆ ಹೋಗಬೇಕು. ಆ ಕೆಲಸದ ಸ್ಕ್ರಿಪ್ಟ್ 'ಬಿನ್/ಸುದ್ದಿ.ಪಿಎಚ್‌ಪಿ'. ಅದು ನಾಲ್ಕು ಕಡೆ ಓಡಬೇಕು: ಡೆವಲಪರ್ ಕೂತಿರುವ ವಿಂಡೋಸ್ ಯಂತ್ರದ ಝಾಂಪ್ (ಅಪಾಚೆ, ಪಿಎಚ್‌ಪಿ ಒಟ್ಟಿಗೆ ಬರುವ ಪ್ಯಾಕೇಜ್), ಸಿಪ್ಯಾನೆಲ್ (ಸರ್ವರ್ ನಿರ್ವಹಿಸುವ ವೆಬ್ ಫಲಕ) ಇರುವ ಶೇರ್ಡ್ ಹೋಸ್ಟಿಂಗ್, ಉಬುಂಟು ಮೇಲೆ ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿ-ಎಫ್‌ಪಿಎಂ (ವೆಬ್ ಸರ್ವರ್ ಪರವಾಗಿ ಪಿಎಚ್‌ಪಿ ಓಡಿಸುವ ಸರ್ವಿಸ್), ಮತ್ತೆ ಡಾಕರ್ (ಕಂಟೇನರ್‌ಗಳಲ್ಲಿ ಓಡಿಸುವ ವ್ಯವಸ್ಥೆ).

ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಹಂತ 1: ಯಾವ ಪಿಎಚ್‌ಪಿ ಓಡುತ್ತಿದೆ ಅಂತ ಮೊದಲು ತಿಳಿಯಿರಿ

ಒಂದೇ ಸರ್ವರ್‌ನಲ್ಲಿ ಎರಡು ಮೂರು ಪಿಎಚ್‌ಪಿ ಇರುವುದು ಮಾಮೂಲು. ಸೈಟ್ 8.3ರಲ್ಲಿ ನಡೆಯುತ್ತಿದ್ದರೂ ಟರ್ಮಿನಲ್‌ನಲ್ಲಿ ಸುಮ್ನೆ 'ಪಿಎಚ್‌ಪಿ' ಅಂದಾಗ 7.4 ಎದ್ದು ಬರಬಹುದು. ಮೂರು ಕಮಾಂಡ್ ಕೊಟ್ಟು ನೋಡಿ:

ವಿಚ್ ಪಿಎಚ್‌ಪಿ
ಪಿಎಚ್‌ಪಿ -ವಿ
ಪಿಎಚ್‌ಪಿ --ಐಎನ್‌ಐ

ಎರಡನೆಯದರ ಮೊದಲ ಸಾಲಿನಲ್ಲಿ ಆವೃತ್ತಿಯ ಪಕ್ಕ ಕಂಸದಲ್ಲಿ 'ಸಿಎಲ್‌ಐ' (ಕಮಾಂಡ್ ಲೈನ್‌ನಲ್ಲಿ ಓಡುವ ಪಿಎಚ್‌ಪಿ) ಅಂತ ಇರಬೇಕು. 'ಸಿಜಿಐ-ಎಫ್‌ಸಿಜಿಐ' ಅಂತ ಇದ್ದರೆ ನಿಮಗೆ ಸಿಕ್ಕಿರುವುದು ಸಿಜಿಐ ಬೈನರಿ, ಅಂದರೆ ವೆಬ್ ಸರ್ವರ್‌ಗಾಗಿ ಮಾಡಿದ ಪಿಎಚ್‌ಪಿ ಪ್ರೋಗ್ರಾಮ್ ಫೈಲ್. ಕಮಾಂಡ್ ಲೈನ್ ಕೆಲಸಕ್ಕೆ ಅದು ಬೇಡ. ಔಟ್‌ಪುಟ್‌ನ ಮುಂದೆ ಎಚ್‌ಟಿಟಿಪಿ ಹೆಡರ್‌ಗಳನ್ನು ಸೇರಿಸುತ್ತದೆ, ವೆಬ್‌ನ ಸಮಯ ಮಿತಿಯನ್ನೇ ಹಾಕಿಕೊಳ್ಳುತ್ತದೆ.

ಸಾಮಾನ್ಯವಾಗಿ ಬೈನರಿ ಸಿಗುವ ಜಾಗಗಳು ಇವು. ಉಬುಂಟು ಮತ್ತು ಡೆಬಿಯನ್‌ನಲ್ಲಿ '/ಯುಎಸ್‌ಆರ್/ಬಿನ್/ಪಿಎಚ್‌ಪಿ8.3'. ಸಿಪ್ಯಾನೆಲ್‌ನಲ್ಲಿ '/ಆಪ್ಟ್/ಸಿಪ್ಯಾನೆಲ್/ಇಎ-ಪಿಎಚ್‌ಪಿ82/ರೂಟ್/ಯುಎಸ್‌ಆರ್/ಬಿನ್/ಪಿಎಚ್‌ಪಿ'. ಪ್ಲೆಸ್ಕ್‌ನಲ್ಲಿ '/ಆಪ್ಟ್/ಪ್ಲೆಸ್ಕ್/ಪಿಎಚ್‌ಪಿ/8.2/ಬಿನ್/ಪಿಎಚ್‌ಪಿ'. ಡಾಕರ್‌ನ ಅಧಿಕೃತ ಇಮೇಜ್‌ನಲ್ಲಿ ಮತ್ತು ಫ್ರೀಬಿಎಸ್‌ಡಿಯಲ್ಲಿ '/ಯುಎಸ್‌ಆರ್/ಲೋಕಲ್/ಬಿನ್/ಪಿಎಚ್‌ಪಿ'. ವಿಂಡೋಸ್ ಝಾಂಪ್‌ನಲ್ಲಿ ಸಿ ಡ್ರೈವ್‌ನ ಝಾಂಪ್ ಫೋಲ್ಡರ್‌ನಲ್ಲಿರುವ 'ಪಿಎಚ್‌ಪಿ' ಫೋಲ್ಡರ್ ಒಳಗೆ 'ಪಿಎಚ್‌ಪಿ.ಇಎಕ್ಸ್‌ಇ'. ಮ್ಯಾಕ್‌ನಲ್ಲಿ ಮೊದಲು ಪಿಎಚ್‌ಪಿ ಜೊತೆಗೇ ಬರುತ್ತಿತ್ತು. 2021ರ ಮಾಂಟೆರಿಯಿಂದ ಆಪಲ್ ಅದನ್ನು ತೆಗೆದಿದೆ, ಹೋಂಬ್ರೂನಿಂದ ಹಾಕಿಕೊಳ್ಳಬೇಕು.

ನಿಮ್ಮ ಸರ್ವರ್‌ನ ಪೂರ್ತಿ ಪಾತ್ ಬರೆದಿಟ್ಟುಕೊಳ್ಳಿ. ಕ್ರಾನ್ ಸಾಲಿಗೆ ಅದೇ ಬೇಕು. ಆದರೆ ಸ್ಕ್ರಿಪ್ಟ್ ಒಳಗೆ ಅದನ್ನು ಬರೆಯಬೇಡಿ. ಸರ್ವರ್‌ನಿಂದ ಸರ್ವರ್‌ಗೆ ಬದಲಾಗುವುದು ಕ್ರಾನ್ ಸಾಲು ಮತ್ತು ಒಂದು ಕಾನ್ಫಿಗ್ ಫೈಲ್ ಎರಡೇ ಆಗಿರಬೇಕು.

ಹಂತ 2: ಎರಡು ಐಎನ್‌ಐ ಫೈಲ್‌ಗಳ ಜಗಳ ಬಿಡಿಸಿ

ಉಬುಂಟುವಿನಲ್ಲಿ '/ಇಟಿಸಿ/ಪಿಎಚ್‌ಪಿ/8.3/' ಒಳಗೆ ಇಣುಕಿ. 'ಸಿಎಲ್‌ಐ', 'ಎಫ್‌ಪಿಎಂ', ಅಪಾಚೆ ಇದ್ದರೆ 'ಅಪಾಚೆ2' ಅಂತ ಬೇರೆ ಬೇರೆ ಫೋಲ್ಡರ್‌ಗಳಿರುತ್ತವೆ. ಒಂದೊಂದಕ್ಕೂ ತನ್ನದೇ 'ಪಿಎಚ್‌ಪಿ.ಐಎನ್‌ಐ' ಅನ್ನುವ ಸೆಟ್ಟಿಂಗ್ ಫೈಲ್. ನೀವು ಎಫ್‌ಪಿಎಂನದ್ದನ್ನು ತಿದ್ದಿದರೆ ಸಿಎಲ್‌ಐಗೆ ಗೊತ್ತೇ ಆಗುವುದಿಲ್ಲ.

ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದಕ್ಕಿಂತ ಜಾಸ್ತಿ ಗೊಂದಲ. ಅಲ್ಲಿ ಹಲವರು '.ಯೂಸರ್.ಐಎನ್‌ಐ' ಫೈಲ್‌ನಲ್ಲಿ ಮೆಮೊರಿ ಮಿತಿ ಏರಿಸಿಕೊಂಡಿರುತ್ತಾರೆ. ಆ ಫೈಲನ್ನು ಓದುವುದು ಸಿಜಿಐ ಮತ್ತು ಫಾಸ್ಟ್‌ಸಿಜಿಐ ಮಾತ್ರ, ಸಿಎಲ್‌ಐ ಅದನ್ನು ಮುಟ್ಟುವುದಿಲ್ಲ. ಅಪಾಚೆಯ ಸೆಟ್ಟಿಂಗ್ ಫೈಲ್ '.ಎಚ್‌ಟಿಆಕ್ಸೆಸ್'ನಲ್ಲಿ ಬರೆಯುವ 'ಪಿಎಚ್‌ಪಿ_ವ್ಯಾಲ್ಯೂ' ಸಾಲುಗಳಿಗೆ ಬೆಲೆ ಇರುವುದು ಮಾಡ್_ಪಿಎಚ್‌ಪಿ (ಅಪಾಚೆಯೊಳಗೇ ಓಡುವ ಪಿಎಚ್‌ಪಿ) ಇದ್ದಾಗ ಮಾತ್ರ. ಅಪಾಚೆಯಲ್ಲೇ ಎಫ್‌ಪಿಎಂಗೆ ಬದಲಾದರೆ ಆ ಸಾಲುಗಳೇ 500 ಎರರ್ ಕೊಡುತ್ತವೆ. ಎಂಜಿನ್‌ಎಕ್ಸ್ ಅಂತೂ ಆ ಫೈಲನ್ನು ನೋಡುವುದೇ ಇಲ್ಲ.

ಪರಿಹಾರ: ಸ್ಕ್ರಿಪ್ಟ್‌ಗೆ ನಿಜವಾಗಿ ಬೇಕಾದ ಸೆಟ್ಟಿಂಗ್‌ಗಳನ್ನು ಸ್ಕ್ರಿಪ್ಟ್‌ನಲ್ಲೇ 'ಐಎನ್‌ಐ_ಸೆಟ್' ಮಾಡಿ. ಮೆಮೊರಿ ಮಿತಿ 256 ಎಂಬಿ ಬೇಕಾದರೆ ಬರೆದುಬಿಡಿ. ಸಮಯ ಮಿತಿಯ ಚಿಂತೆ ಬೇಡ, ಸಿಎಲ್‌ಐಯಲ್ಲಿ ಅದು ಮೂಲದಲ್ಲೇ 0, ಅಂದರೆ ಮಿತಿಯಿಲ್ಲ.

ಎಕ್ಸ್‌ಟೆನ್ಶನ್‌ಗಳನ್ನು (ಪಿಎಚ್‌ಪಿಗೆ ಸೇರಿಸುವ ಹೆಚ್ಚುವರಿ ಭಾಗಗಳು) ಮಾತ್ರ ಹೀಗೆ ಸ್ಕ್ರಿಪ್ಟ್‌ನಿಂದ ಸೇರಿಸಲಾಗದು. ನಮ್ಮ ಸುದ್ದಿ ಸ್ಕ್ರಿಪ್ಟ್ ಶೀರ್ಷಿಕೆಗಳನ್ನು ಕತ್ತರಿಸಲು ಇಂಟ್ಲ್ ಎಕ್ಸ್‌ಟೆನ್ಶನ್‌ನ 'ಗ್ರಾಫೀಮ್_ಸಬ್‌ಎಸ್‌ಟಿಆರ್' ಬಳಸುತ್ತದೆ. ಕನ್ನಡಕ್ಕೆ ಇದು ಬೇಕೇ ಬೇಕು. ಬರೀ 'ಸಬ್‌ಎಸ್‌ಟಿಆರ್' ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ (ಯುನಿಕೋಡ್ ಸಂಕೇತ) 3 ಬೈಟ್, ಆದ್ದರಿಂದ ಮಧ್ಯದಲ್ಲಿ ತುಂಡಾಗಿ ಕೊನೆಯಲ್ಲಿ ಪ್ರಶ್ನೆ ಗುರುತಿನ ಚೌಕ ಕೂರುತ್ತದೆ. ಎಂಬಿ_ಸಬ್‌ಎಸ್‌ಟಿಆರ್ ಕೂಡ ಅಕ್ಷರದಿಂದ ಗುಣಿತದ ಚಿಹ್ನೆಯನ್ನು ಬೇರ್ಪಡಿಸಬಹುದು. ಆದರೆ ಇಂಟ್ಲ್ ವೆಬ್‌ನಲ್ಲಿ ಇದ್ದು ಸಿಎಲ್‌ಐಯಲ್ಲಿ ಇಲ್ಲದಿರುವುದು ಉಂಟು. 'ಪಿಎಚ್‌ಪಿ -ಎಂ' ಕೊಟ್ಟು ಪಟ್ಟಿ ನೋಡಿ. ಸ್ಕ್ರಿಪ್ಟ್ ಶುರುವಿನಲ್ಲೇ 'ಎಕ್ಸ್‌ಟೆನ್ಶನ್_ಲೋಡೆಡ್' ಕೇಳಿ, ಇಲ್ಲದಿದ್ದರೆ ಹೆಸರು ಹೇಳಿ ನಿಲ್ಲಿಸಿ. ಅರ್ಧ ಇಮೇಲ್ ಹೋದ ಮೇಲೆ ಫೇಟಲ್ ಎರರ್ ಬರುವುದಕ್ಕಿಂತ ಇದು ಎಷ್ಟೋ ವಾಸಿ.

ಹಂತ 3: ಮೊದಲ ಸಾಲು ಮತ್ತು ಕಾಣದ ಅಕ್ಷರ

ಶೆಬ್ಯಾಂಗ್ (ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಮ್ ಓಡಿಸಬೇಕು ಅಂತ ಹೇಳುವ ಮೊದಲ ಸಾಲು) ಬೇಕಾದರೆ ಹೀಗೆ ಬರೆಯಿರಿ:

#!/ಯುಎಸ್‌ಆರ್/ಬಿನ್/ಇಎನ್‌ವಿ ಪಿಎಚ್‌ಪಿ

ನೇರವಾಗಿ '/ಯುಎಸ್‌ಆರ್/ಬಿನ್/ಪಿಎಚ್‌ಪಿ' ಅಂತ ಬರೆದರೆ ಡಾಕರ್‌ನಲ್ಲೇ ಮೊದಲು ಮುಗ್ಗರಿಸುತ್ತದೆ. ಹಾಗಂತ ನನಗೆ ಶೆಬ್ಯಾಂಗ್ ಮೇಲೆ ಅಷ್ಟೊಂದು ನಂಬಿಕೆ ಇಲ್ಲ. ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಬೇಕು. ಕೆಲವು ಸರ್ವರ್‌ಗಳಲ್ಲಿ ಹೋಮ್ ಫೋಲ್ಡರ್ 'ನೋಎಕ್ಸೆಕ್' ಆಗಿ ಮೌಂಟ್ ಆಗಿರುತ್ತದೆ, ಅಂದರೆ ಅಲ್ಲಿನ ಫೈಲನ್ನು ನೇರವಾಗಿ ಓಡಿಸಲಾಗದು. ವಿಂಡೋಸ್‌ಗೆ ಅದರ ಅರ್ಥವೇ ಗೊತ್ತಿಲ್ಲ. 'ಪಿಎಚ್‌ಪಿ ಬಿನ್/ಸುದ್ದಿ.ಪಿಎಚ್‌ಪಿ' ಅಂತ ಬೈನರಿಯ ಹೆಸರು ಹೇಳಿ ಓಡಿಸಿದರೆ ಈ ಮೂರೂ ತಂಟೆ ಇಲ್ಲ.

ಶೆಬ್ಯಾಂಗ್ ಇದ್ದೂ ಓಡದಿದ್ದರೆ ವಿಂಡೋಸ್‌ನ ಸಾಲಿನ ಕೊನೆಯನ್ನು ಅನುಮಾನಿಸಿ. 'ಪಿಎಚ್‌ಪಿ\ಆರ್' ಅನ್ನುವ ಫೈಲ್ ಇಲ್ಲ ಅಂತ ಎರರ್ ಬಂದರೆ ಅದೇ. ವಿಂಡೋಸ್‌ನಲ್ಲಿ ಸೇವ್ ಮಾಡಿದಾಗ ಸಾಲಿನ ಕೊನೆಗೆ ಒಂದು ಕ್ಯಾರೇಜ್ ರಿಟರ್ನ್ ಸೇರಿ, ಲಿನಕ್ಸ್ ಅದನ್ನೂ ಪ್ರೋಗ್ರಾಮ್‌ನ ಹೆಸರಿನ ಭಾಗ ಅಂದುಕೊಂಡಿದೆ. ಗಿಟ್ ರೆಪೊದಲ್ಲಿ '.ಗಿಟ್‌ಆಟ್ರಿಬ್ಯೂಟ್ಸ್' ಫೈಲ್ ಇಟ್ಟು ಪಿಎಚ್‌ಪಿ ಫೈಲ್‌ಗಳಿಗೆ 'ಇಒಎಲ್=ಎಲ್‌ಎಫ್' ಅಂತ ಹಾಕಿದರೆ ಈ ರೋಗ ಮತ್ತೆ ಬರುವುದಿಲ್ಲ. ಫೈಲನ್ನು ಬಿಒಎಂ (ಫೈಲ್ ಶುರುವಿನಲ್ಲಿ ಸೇರುವ ಕಾಣದ ಗುರುತು) ಇಲ್ಲದ ಯುಟಿಎಫ್-8ರಲ್ಲಿ ಉಳಿಸಿ. ಶೆಬ್ಯಾಂಗ್‌ನ ಮುಂದೆ ಬಿಒಎಂ ಕೂತರೆ ಅದು ಶೆಬ್ಯಾಂಗೇ ಅಲ್ಲ.

ಹಂತ 4: ಸ್ಕ್ರಿಪ್ಟ್ ತಾನಿರುವ ಜಾಗವನ್ನು ತಾನೇ ಕಂಡುಕೊಳ್ಳಲಿ

ವೆಬ್‌ನಲ್ಲಿ ಪಿಎಚ್‌ಪಿ ಓಡುವಾಗ ಕೆಲಸದ ಫೋಲ್ಡರ್ ಸ್ಕ್ರಿಪ್ಟ್ ಇರುವ ಫೋಲ್ಡರೇ ಆಗಿರುತ್ತದೆ. ಸಿಎಲ್‌ಐ ಹಾಗೆ ಬದಲಾಯಿಸುವುದಿಲ್ಲ. ನೀವು ಎಲ್ಲಿ ನಿಂತು ಕರೆದಿರೋ ಅದೇ ಫೋಲ್ಡರ್. ಕ್ರಾನ್ ಆದರೆ ಯೂಸರ್‌ನ ಹೋಮ್. 'ರಿಕ್ವೈರ್ ../ಕಾನ್ಫಿಗ್.ಪಿಎಚ್‌ಪಿ' ಅಂತ ಬರೆದ ಕೋಡು ಟರ್ಮಿನಲ್‌ನಲ್ಲಿ ಓಡಿ ಕ್ರಾನ್‌ನಲ್ಲಿ ಸಾಯುವುದು ಇದರಿಂದಲೇ. ಡಾಕ್ಯುಮೆಂಟ್ ರೂಟ್ ಸರ್ವರ್ ವೇರಿಯಬಲ್ ಅಂತೂ ಇಲ್ಲಿ ಖಾಲಿ.

ಎಲ್ಲ ಪಾತ್‌ಗಳನ್ನೂ __ಡಿಐಆರ್__ ಇಂದ ಕಟ್ಟಿ. ಇದಕ್ಕೆ ದೊಡ್ಡಕ್ಷರ, ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್.

$ರೂಟ್ = ಡಿಐಆರ್‌ನೇಮ್(__ಡಿಐಆರ್__);
$ಕಾನ್ಫಿಗ್ = ರಿಕ್ವೈರ್ $ರೂಟ್ . '/ಕಾನ್ಫಿಗ್/ಲೋಕಲ್.ಪಿಎಚ್‌ಪಿ';

ವಿಂಡೋಸ್‌ನಲ್ಲೂ ಮುಂದಕ್ಕೆ ಬಾಗಿದ ಸ್ಲ್ಯಾಷ್ ನಡೆಯುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಒಂದು ಕಡೆ ಮಾತ್ರ ಎಚ್ಚರ. ಹೊಸ ಆವೃತ್ತಿ ಬಂದಾಗಲೆಲ್ಲ 'ಕರೆಂಟ್' ಅನ್ನುವ ಸಿಮ್‌ಲಿಂಕ್ (ಇನ್ನೊಂದು ಫೋಲ್ಡರ್‌ನತ್ತ ತೋರುವ ಕೊಂಡಿ) ಬದಲಿಸುವ ಪದ್ಧತಿ ನಿಮ್ಮಲ್ಲಿದ್ದರೆ, __ಡಿಐಆರ್__ ಕೊಡುವುದು ಸಿಮ್‌ಲಿಂಕ್ ಬಿಡಿಸಿದ ನಿಜವಾದ ಫೋಲ್ಡರನ್ನು. ಲಾಕ್ ಫೈಲ್, ಲಾಗ್ ಫೈಲ್‌ಗಳನ್ನು ಅದರೊಳಗೆ ಇಟ್ಟರೆ ಪ್ರತಿ ಬಿಡುಗಡೆಗೂ ಹೊಸದಾಗಿ ಹುಟ್ಟುತ್ತವೆ. ಅವುಗಳ ಜಾಗವನ್ನು ಕಾನ್ಫಿಗ್‌ನಲ್ಲಿ ಬರೆಯಿರಿ.

ಹಂತ 5: ಬ್ರೌಸರ್‌ನಿಂದ ಯಾರೂ ಓಡಿಸದ ಹಾಗೆ ಬಾಗಿಲು ಹಾಕಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಸ್ಕ್ರಿಪ್ಟ್ ವಿಳಾಸ ಯಾರಿಗಾದರೂ ಗೊತ್ತಾದರೆ ಬ್ರೌಸರ್‌ನಲ್ಲಿ ರಿಫ್ರೆಶ್ ಒತ್ತುತ್ತಾ ಎಲ್ಲ ಓದುಗರಿಗೂ ಮೇಲ್ ಮೇಲೆ ಮೇಲ್ ಕಳಿಸಬಹುದು.

ಒಳ್ಳೆಯ ದಾರಿ ಅಂದರೆ 'ಬಿನ್' ಫೋಲ್ಡರನ್ನು 'ಪಬ್ಲಿಕ್' ಫೋಲ್ಡರ್‌ನ ಹೊರಗೆ ಇಡುವುದು. ಸಿಪ್ಯಾನೆಲ್‌ನಲ್ಲಿ 'ಪಬ್ಲಿಕ್_ಎಚ್‌ಟಿಎಂಎಲ್'ನ ಪಕ್ಕದಲ್ಲಿ ಇಡಬಹುದು. ಒಳಗೆ ಇಟ್ಟು '.ಎಚ್‌ಟಿಆಕ್ಸೆಸ್'ನಲ್ಲಿ ತಡೆದರೆ ಅಪಾಚೆ, ಲೈಟ್‌ಸ್ಪೀಡ್ ಇರುವವರೆಗೆ ಸರಿ. ಎಂಜಿನ್‌ಎಕ್ಸ್‌ಗೆ ಹೋದ ದಿನ ಆ ತಡೆ ಸದ್ದಿಲ್ಲದೆ ಇಲ್ಲವಾಗುತ್ತದೆ.

ಜೊತೆಗೆ ಸ್ಕ್ರಿಪ್ಟ್‌ನಲ್ಲೂ ಕಾವಲು ಇರಲಿ:

ಇಫ್ (ಪಿಎಚ್‌ಪಿ_ಎಸ್‌ಎಪಿಐ !== 'ಸಿಎಲ್‌ಐ') {
    ಎಚ್‌ಟಿಟಿಪಿ_ರೆಸ್ಪಾನ್ಸ್_ಕೋಡ್(404);
    ಎಕ್ಸಿಟ್(1);
}

'ಪಿಎಚ್‌ಪಿ_ಎಸ್‌ಎಪಿಐ' ದೊಡ್ಡಕ್ಷರದಲ್ಲಿ, 'ಸಿಎಲ್‌ಐ' ಸಣ್ಣಕ್ಷರದಲ್ಲಿ. ಮಾಡ್_ಪಿಎಚ್‌ಪಿ ಅಡಿಯಲ್ಲಿ ಇದರ ಬೆಲೆ 'ಅಪಾಚೆ2ಹ್ಯಾಂಡ್ಲರ್', ಎಫ್‌ಪಿಎಂನಲ್ಲಿ 'ಎಫ್‌ಪಿಎಂ-ಎಫ್‌ಸಿಜಿಐ', ಲೈಟ್‌ಸ್ಪೀಡ್‌ನಲ್ಲಿ 'ಲೈಟ್‌ಸ್ಪೀಡ್'. ಎಲ್ಲವೂ ಹೊರಗೆ ಉಳಿಯುತ್ತವೆ.

ಕೆಲವರು ಇದರ ಬದಲು 'ಎಆರ್‌ಜಿವಿ' (ಕಮಾಂಡ್ ಜೊತೆ ಕೊಟ್ಟ ಆರ್ಗ್ಯುಮೆಂಟ್‌ಗಳ ಪಟ್ಟಿ) ಇದೆಯಾ ಅಂತ ಪರೀಕ್ಷಿಸುತ್ತಾರೆ. ಅದು ತಪ್ಪು ದಾರಿ. 'ರಿಜಿಸ್ಟರ್_ಎಆರ್‌ಜಿಸಿ_ಎಆರ್‌ಜಿವಿ' ಸೆಟ್ಟಿಂಗ್ ಆನ್ ಇದ್ದರೆ ವಿಳಾಸದಲ್ಲಿ ಪ್ರಶ್ನೆ ಗುರುತಿನ ನಂತರ ಬರೆದದ್ದೇ ಎಆರ್‌ಜಿವಿ ಆಗಿ ಬಂದುಬಿಡುತ್ತದೆ. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ ಫೈಲ್‌ಗಳಲ್ಲಿ ಅದು ಆಫ್. ಆದರೆ ಐಎನ್‌ಐ ಫೈಲೇ ಇಲ್ಲದಿದ್ದರೆ ಪಿಎಚ್‌ಪಿಯ ಒಳಗಿನ ಮೂಲ ಬೆಲೆ ಆನ್. ಡಾಕರ್‌ನ ಅಧಿಕೃತ ಇಮೇಜ್‌ನಲ್ಲಿ 'ಪಿಎಚ್‌ಪಿ.ಐಎನ್‌ಐ' ಇರುವುದಿಲ್ಲ, ಮಾದರಿ ಫೈಲನ್ನು ನಾವೇ ನಕಲು ಮಾಡಿಕೊಳ್ಳಬೇಕು. ಎಷ್ಟು ಜನ ಮಾಡುತ್ತಾರೆ ಹೇಳಿ? 2024ರ ನವೆಂಬರ್‌ನಲ್ಲಿ ಲಾರವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ಹೊರಬಿದ್ದ ಸಿವಿಇ-2024-52301 ಅನ್ನುವ ಭದ್ರತಾ ದೋಷ ಇದೇ ಜಾಡಿನದು. ಸೆಟ್ಟಿಂಗ್ ಆನ್ ಇದ್ದಾಗ, ವಿಳಾಸದಲ್ಲಿ '--ಇಎನ್‌ವಿ' ಸೇರಿಸಿ ಹೊರಗಿನವರು ಆಪ್‌ನ ಎನ್ವಿರಾನ್‌ಮೆಂಟ್ ಹೆಸರನ್ನೇ ಬದಲಿಸಬಹುದಿತ್ತು.

ಹಾಗಾದರೆ ಹೋಸ್ಟಿಂಗ್‌ನವರ 'ಪಿಎಚ್‌ಪಿ' ಸಿಜಿಐ ಬೈನರಿ ಆಗಿದ್ದು ನಮ್ಮ ಕಾವಲು ಅದನ್ನೂ ತಡೆದರೆ? ಕಾವಲು ಸಡಿಲಿಸಬೇಡಿ. ಹಂತ 1ಕ್ಕೆ ಹೋಗಿ ನಿಜವಾದ ಸಿಎಲ್‌ಐ ಪಾತ್ ಹುಡುಕಿ.

ಹಂತ 6: ಸೆಟ್ಟಿಂಗ್‌ಗಳಿಗೆ ಒಂದೇ ಜಾಗ

ಅಪಾಚೆಯ 'ಸೆಟ್‌ಎನ್ವ್', ಎಂಜಿನ್‌ಎಕ್ಸ್‌ನ 'ಫಾಸ್ಟ್‌ಸಿಜಿಐ_ಪ್ಯಾರಮ್', ಎಫ್‌ಪಿಎಂ ಪೂಲ್‌ನ 'ಇಎನ್‌ವಿ' ಸಾಲುಗಳು, ಈ ಮೂರರಲ್ಲಿ ಬರೆದದ್ದು ಸಿಎಲ್‌ಐಗೆ ತಲುಪುವುದಿಲ್ಲ. ತಿರುಗಾ ಮುರುಗಾ ಕೂಡ ನಿಜ: ಶೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಎಫ್‌ಪಿಎಂಗೆ ಕಾಣಿಸದು, ಯಾಕೆಂದರೆ ಅದರ 'ಕ್ಲಿಯರ್_ಇಎನ್‌ವಿ' ಮೂಲದಲ್ಲೇ ಆನ್.

ಹಾಗಾಗಿ ಸೈಟೂ ಸ್ಕ್ರಿಪ್ಟೂ ಒಂದೇ ಫೈಲ್ ಓದಲಿ. '.ಇಎನ್‌ವಿ' ಆಗಬಹುದು, ಅರೇ ಹಿಂತಿರುಗಿಸುವ ಪಿಎಚ್‌ಪಿ ಫೈಲ್ ಆಗಬಹುದು. ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ಲೈಬ್ರರಿ ಬೇಕಿಲ್ಲ, ತಪ್ಪಿ ವೆಬ್ ಫೋಲ್ಡರ್‌ನಲ್ಲಿ ಬಿದ್ದರೂ ಬ್ರೌಸರ್‌ಗೆ ಖಾಲಿ ಪುಟ ಹೋಗುತ್ತದೆ. '.ಇಎನ್‌ವಿ' ಆದರೆ ಪಾಸ್‌ವರ್ಡ್ ಸಮೇತ ಬಯಲಾಗುತ್ತದೆ. ಈ ಫೈಲ್ ಗಿಟ್‌ಗೆ ಹೋಗಬಾರದು, ಪ್ರತಿ ಸರ್ವರ್‌ಗೂ ಅದರದೇ ಇರಬೇಕು.

ಅದರಲ್ಲಿ ಎರಡು ಸಂಗತಿ ಮರೆಯದೆ ಇರಲಿ. ಒಂದು, ಸೈಟ್‌ನ ಪೂರ್ತಿ ವಿಳಾಸ. ಸಿಎಲ್‌ಐಯಲ್ಲಿ ಬ್ರೌಸರ್ ಕೇಳಿದ ಡೊಮೈನ್ ಹೇಳುವ 'ಎಚ್‌ಟಿಟಿಪಿ_ಹೋಸ್ಟ್' ಇಲ್ಲ. ಅದನ್ನು ನಂಬಿ ಲಿಂಕ್ ಕಟ್ಟಿದರೆ ಓದುಗರಿಗೆ ಡೊಮೈನ್ ಇಲ್ಲದ ಲಿಂಕ್ ಹೋಗುತ್ತದೆ. ಇನ್ನೊಂದು, ಡೇಟಾಬೇಸ್ ಹೋಸ್ಟ್. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ 'ಲೋಕಲ್‌ಹೋಸ್ಟ್' ಅಂದರೆ ಯುನಿಕ್ಸ್ ಸಾಕೆಟ್, '127.0.0.1' ಅಂದರೆ ಟಿಸಿಪಿ. ಸಾಕೆಟ್ ಫೈಲ್ ಎಲ್ಲಿದೆ ಅನ್ನುವುದು ಮತ್ತೆ ಐಎನ್‌ಐ ಮೇಲೆ ನಿಂತಿದೆ, ಎರಡು ಐಎನ್‌ಐ ಬೇರೆ ಇದ್ದರೆ ಸೈಟ್‌ಗೆ ಡೇಟಾಬೇಸ್ ಸಿಕ್ಕಿ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. '2002' ಸಂಖ್ಯೆಯ ಎರರ್ ಜೊತೆ 'ಅಂಥ ಫೈಲ್ ಇಲ್ಲ' ಅಂತ ಬಂದರೆ ಇದನ್ನೇ ನೋಡಿ. ಡಾಕರ್ ಕಂಪೋಸ್‌ನಲ್ಲಿ ಎರಡೂ ಅಲ್ಲ, ಸರ್ವಿಸ್‌ನ ಹೆಸರು ಹಾಕಬೇಕು.

ಹಂತ 7: ಯಾವ ಯೂಸರ್, ಯಾವ ಟೆಂಪ್

ಸಿಪ್ಯಾನೆಲ್‌ನಲ್ಲಿ ಸೈಟೂ ಕ್ರಾನೂ ಸಾಮಾನ್ಯವಾಗಿ ನಿಮ್ಮ ಖಾತೆಯ ಹೆಸರಲ್ಲೇ ಓಡುತ್ತವೆ. ಅಲ್ಲಿ ಅನುಮತಿಯ ಸಮಸ್ಯೆ ಕಾಣಿಸುವುದೇ ಇಲ್ಲ. ವಿಪಿಎಸ್‌ಗೆ ಬಂದಾಗ ಶುರು. ಉಬುಂಟುವಿನಲ್ಲಿ ಸೈಟ್ ಓಡುವುದು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಹೆಸರಲ್ಲಿ, ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್‌ಗಳಾದ ಆಲ್ಮಾ, ರಾಕಿಗಳಲ್ಲಿ 'ಅಪಾಚೆ' ಹೆಸರಲ್ಲಿ. ನೀವು ಕ್ರಾನನ್ನು ರೂಟ್‌ನ ಕ್ರಾನ್‌ಟ್ಯಾಬ್‌ಗೆ ಹಾಕುತ್ತೀರಿ. ಸ್ಕ್ರಿಪ್ಟ್ ಕ್ಯಾಶ್ ಫೈಲ್ ಬರೆಯುತ್ತದೆ, ಅದರ ಮಾಲೀಕ ರೂಟ್. ಮರುದಿನ ಸೈಟ್ ಆ ಫೈಲನ್ನು ತಿದ್ದಲು ಹೋಗಿ ಅನುಮತಿ ಇಲ್ಲ ಅಂತ ಬೀಳುತ್ತದೆ. ಆಗ 'ಚ್‌ಮಾಡ್ 777' ಮಾಡುವವರೇ ಜಾಸ್ತಿ. ಬೇಡವೇ ಬೇಡ. ಸ್ಕ್ರಿಪ್ಟನ್ನು ಸೈಟ್‌ನ ಯೂಸರ್ ಆಗಿಯೇ ಓಡಿಸಿ:

ಸುಡೊ ಕ್ರಾನ್‌ಟ್ಯಾಬ್ -ಯು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ -ಇ

ಕೈಯಿಂದ ಓಡಿಸುವಾಗಲೂ ಮುಂದೆ 'ಸುಡೊ -ಯು' ಹಾಕಿ ಅದೇ ಹೆಸರು ಕೊಡಿ. ರೆಡ್‌ಹ್ಯಾಟ್ ಕುಟುಂಬದಲ್ಲಿ ಅನುಮತಿ ಎಲ್ಲ ಸರಿ ಇದ್ದೂ ಸೈಟ್‌ಗೆ ಬರೆಯಲಾಗದಿದ್ದರೆ ಎಸ್‌ಇಲಿನಕ್ಸ್ (ಲಿನಕ್ಸ್‌ನ ಇನ್ನೊಂದು ಭದ್ರತಾ ಪದರ) ಲೇಬಲ್ ನೋಡಿ. 'ಎಲ್‌ಎಸ್' ಕಮಾಂಡ್‌ಗೆ ದೊಡ್ಡಕ್ಷರದ '-ಝಡ್' ಕೊಟ್ಟರೆ ಕಾಣುತ್ತದೆ.

'/ಟಿಎಂಪಿ' ಇನ್ನೊಂದು ಗೂಢ. ಸ್ಕ್ರಿಪ್ಟ್ ಅಲ್ಲಿ ಫೈಲ್ ಬರೆಯುತ್ತದೆ, 'ಎಲ್‌ಎಸ್' ಮಾಡಿದರೆ ಕಣ್ಣೆದುರೇ ಇದೆ, ಸೈಟ್ ಮಾತ್ರ ಫೈಲ್ ಇಲ್ಲ ಅನ್ನುತ್ತದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ 'ಪ್ರೈವೇಟ್‌ಟಿಎಂಪಿ' ಇದರ ಹಿಂದಿದೆ. ಅಪಾಚೆಯ ಸರ್ವಿಸ್‌ಗೆ, ರೆಡ್‌ಹ್ಯಾಟ್ ಕಡೆ ಎಫ್‌ಪಿಎಂಗೂ, ಅದು ಬೇರೆಯದೇ '/ಟಿಎಂಪಿ' ಕೊಡುತ್ತದೆ. ಸೈಟೂ ಸ್ಕ್ರಿಪ್ಟೂ ಹಂಚಿಕೊಳ್ಳಬೇಕಾದ ಫೈಲ್ ಇದ್ದರೆ ಪ್ರಾಜೆಕ್ಟ್‌ನದೇ ಒಂದು ಫೋಲ್ಡರ್ ಬಳಸಿ.

ಮೆಮೊರಿಯೂ ಹಾಗೆಯೇ. ಸಿಎಲ್‌ಐನಿಂದ 'ಒಪಿಕ್ಯಾಶ್_ರೀಸೆಟ್' ಕರೆದರೆ ಎಫ್‌ಪಿಎಂನ ಒಪಿಕ್ಯಾಶ್ (ಕಂಪೈಲ್ ಆದ ಕೋಡನ್ನು ಮೆಮೊರಿಯಲ್ಲಿ ಇಡುವ ಜಾಗ) ಖಾಲಿಯಾಗುವುದಿಲ್ಲ. ಡೇಟಾ ಇಡುವ ಎಪಿಸಿಯು ಕ್ಯಾಶ್ ಕೂಡ ಅವರವರದೇ. ಹಂಚಿಕೆ ಬೇಕಾದರೆ ರೆಡಿಸ್ ಅಥವಾ ಡೇಟಾಬೇಸ್.

ಹಂತ 8: ಗಂಟೆ ಮತ್ತು ಭಾಷೆ

ವಿಪಿಎಸ್ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತದೆ. ಪಿಎಚ್‌ಪಿಗೂ ಏನೂ ಹೇಳದಿದ್ದರೆ ಯುಟಿಸಿಯೇ. ಬೆಳಿಗ್ಗೆ 6ರ ಮೇಲ್‌ಗೆ ಕ್ರಾನ್‌ನಲ್ಲಿ '0 6' ಬರೆದರೆ ಓದುಗರಿಗೆ ತಲುಪುವುದು ಹನ್ನೊಂದೂವರೆಗೆ. ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆದು '30 0 * * *' ಅಂತ ಬರೆಯಿರಿ. ಭಾರತದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲದ್ದರಿಂದ ಈ ಲೆಕ್ಕ ವರ್ಷಪೂರ್ತಿ ನಡೆಯುತ್ತದೆ. 'ಕ್ರಾನ್_ಟಿಝಡ್' ಅನ್ನುವ ಸೌಲಭ್ಯ ರೆಡ್‌ಹ್ಯಾಟ್ ಕಡೆಯ ಕ್ರೋನಿಯಲ್ಲಿ ಇದೆ, ಡೆಬಿಯನ್ ಕ್ರಾನ್‌ನಲ್ಲಿ ಅದನ್ನು ನೆಚ್ಚಬೇಡಿ. ಸ್ಕ್ರಿಪ್ಟ್ ಒಳಗೆ ಮಾತ್ರ 'ಡೇಟ್_ಡಿಫಾಲ್ಟ್_ಟೈಮ್‌ಝೋನ್_ಸೆಟ್' ಕರೆದು 'ಏಷ್ಯಾ/ಕೋಲ್ಕತಾ' ಕೊಡಿ. ಇಲ್ಲದಿದ್ದರೆ ಬೆಳಿಗ್ಗೆ ಐದರ ಸುದ್ದಿಗೆ ನಿನ್ನೆಯ ತಾರೀಕು ಬೀಳುತ್ತದೆ.

ಭಾಷೆಯ ಕಡೆ: ಟರ್ಮಿನಲ್‌ನಲ್ಲಿ 'ಲ್ಯಾಂಗ್' ವೇರಿಯಬಲ್ ಯುಟಿಎಫ್-8 ಆಗಿರುತ್ತದೆ, ಕ್ರಾನ್‌ನಲ್ಲಿ ಬಹಳ ಸಲ ಅದು ಇರುವುದೇ ಇಲ್ಲ. ಲೊಕೇಲ್ ಬರೀ 'ಸಿ' ಆಗಿದ್ದರೆ ಪಿಎಚ್‌ಪಿಯ 'ಎಸ್ಕೇಪ್‌ಶೆಲ್‌ಆರ್ಗ್' ಕನ್ನಡ ಅಕ್ಷರಗಳನ್ನು ಎರರ್ ಕೂಡ ಕೊಡದೆ ನುಂಗಿಬಿಡುತ್ತದೆ. 'ಮೈಸೂರು-ದಸರಾ.ಪಿಡಿಎಫ್' ಅನ್ನುವ ಹೆಸರು '-.ಪಿಡಿಎಫ್' ಭಾಗಕ್ಕೆ ಇಳಿಯುತ್ತದೆ. ಸ್ಕ್ರಿಪ್ಟ್ ಶುರುವಿನಲ್ಲಿ 'ಸೆಟ್‌ಲೊಕೇಲ್' ಕರೆದು 'ಎಲ್‌ಸಿ_ಸಿಟೈಪ್'ಗೆ 'ಸಿ.ಯುಟಿಎಫ್-8' ಕೊಡಿ, ಎರಡೂ ದೊಡ್ಡಕ್ಷರದಲ್ಲಿ. ವಿಂಡೋಸ್ ಕನ್ಸೋಲ್‌ನಲ್ಲಿ ಕನ್ನಡ ಚೌಕಗಳಾಗಿ ಕಂಡರೆ 'ಸಿಎಚ್‌ಸಿಪಿ 65001' ಕೊಟ್ಟು ನೋಡಿ.

ಹಂತ 9: ಕ್ರಾನ್ ಸಾಲು, ಲಾಕ್, ಲಾಗ್

ಉಬುಂಟುವಿನ ಸಾಲು ಹೀಗಿರಲಿ:

30 0 * * * /ಯುಎಸ್‌ಆರ್/ಬಿನ್/ಪಿಎಚ್‌ಪಿ8.3 /ಎಸ್‌ಆರ್‌ವಿ/ಸುದ್ದಿ/ಬಿನ್/ಸುದ್ದಿ.ಪಿಎಚ್‌ಪಿ >> /ಎಸ್‌ಆರ್‌ವಿ/ಸುದ್ದಿ/ಲಾಗ್/ಸುದ್ದಿ.ಲಾಗ್ 2>&1

ಎರಡೂ ಪಾತ್ ಪೂರ್ತಿ. ಕ್ರಾನ್‌ನ ಪಾತ್‌ನಲ್ಲಿ ಇರುವುದು ಹೆಚ್ಚಾಗಿ '/ಯುಎಸ್‌ಆರ್/ಬಿನ್' ಮತ್ತು '/ಬಿನ್' ಅಷ್ಟೇ. ಕೊನೆಯ ಭಾಗದಲ್ಲಿ '&>>' ಅನ್ನುವ ಬ್ಯಾಶ್ ಶಾರ್ಟ್‌ಕಟ್ ಬೇಡ. ಕ್ರಾನ್ ಬಳಸುವುದು '/ಬಿನ್/ಎಸ್‌ಎಚ್', ಉಬುಂಟುವಿನಲ್ಲಿ 2006ರಿಂದ ಅದು ಡ್ಯಾಶ್. ಡ್ಯಾಶ್ ಆ ಗುರುತನ್ನು 'ಹಿನ್ನೆಲೆಯಲ್ಲಿ ಓಡಿಸು' ಅಂತ ಓದುತ್ತದೆ, ಲಾಗ್ ಖಾಲಿ ಉಳಿಯುತ್ತದೆ. ಸಾಲಿನಲ್ಲಿ ಶೇಕಡಾ ಗುರುತು ಇದ್ದರೆ ಅದಕ್ಕೆ ಮೊದಲು ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ, ಇಲ್ಲದಿದ್ದರೆ ಕ್ರಾನ್ ಅಲ್ಲಿಗೇ ಸಾಲು ಮುರಿಯುತ್ತದೆ. '/ಇಟಿಸಿ/ಕ್ರಾನ್.ಡಿ' ಒಳಗೆ ಫೈಲ್ ಇಡುವುದಾದರೆ ಯೂಸರ್ ಹೆಸರಿನ ಕಾಲಂ ಸೇರಿಸಿ, ಫೈಲ್ ಹೆಸರಲ್ಲಿ ಚುಕ್ಕಿ ಇರದಂತೆ ನೋಡಿ. ಡೆಬಿಯನ್ ಕ್ರಾನ್ ಚುಕ್ಕಿ ಇರುವ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡಾಕರ್ ಆದರೆ ಕಂಟೇನರ್ ಒಳಗೆ ಕ್ರಾನ್ ಸಾಕುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಪಿಎಚ್‌ಪಿ ಇರುವ ಫೋಲ್ಡರ್ ಕ್ರಾನ್‌ನ ಪಾತ್‌ನಲ್ಲಿಲ್ಲ, ಕಂಟೇನರ್‌ಗೆ ಕೊಟ್ಟ ವೇರಿಯಬಲ್‌ಗಳು ಕ್ರಾನ್‌ಗೆ ದಾಟುವುದಿಲ್ಲ. ಹೋಸ್ಟ್ ಯಂತ್ರದ ಕ್ರಾನ್‌ನಿಂದ 'ಡಾಕರ್ ಕಂಪೋಸ್ ಎಕ್ಸೆಕ್ -ಟಿ' ಮಾಡಿ. ಆ 'ಟಿ' ದೊಡ್ಡಕ್ಷರ. ಬಿಟ್ಟರೆ ಟಿಟಿವೈ (ಟರ್ಮಿನಲ್) ಇಲ್ಲ ಅಂತ ತಕರಾರು ತೆಗೆಯಬಹುದು. ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್‌ಗೆ 'ಪಿಎಚ್‌ಪಿ.ಇಎಕ್ಸ್‌ಇ' ಪಾತ್ ಮತ್ತು ಆರ್ಗ್ಯುಮೆಂಟ್ ಆಗಿ ಸ್ಕ್ರಿಪ್ಟ್ ಪಾತ್ ಕೊಟ್ಟರೆ ಮುಗಿಯಿತು.

ಒಂದು ಓಟ ಮುಗಿಯುವ ಮೊದಲೇ ಇನ್ನೊಂದು ಶುರುವಾದರೆ ಓದುಗರಿಗೆ ಎರಡೆರಡು ಮೇಲ್. ಲಿನಕ್ಸ್‌ನಲ್ಲಿ 'ಎಫ್‌ಲಾಕ್' ಕಮಾಂಡ್ ಇದೆ, ಆದರೆ ಮ್ಯಾಕ್, ವಿಂಡೋಸ್‌ನಲ್ಲಿ ಇಲ್ಲ. ಪಿಎಚ್‌ಪಿಯ 'ಎಫ್‌ಲಾಕ್' ಫಂಕ್ಷನ್ ಎಲ್ಲ ಕಡೆ ನಡೆಯುತ್ತದೆ. ಫೈಲನ್ನು 'ಸಿ' ಮೋಡ್‌ನಲ್ಲಿ ತೆರೆಯಿರಿ, 'ಲಾಕ್_ಇಎಕ್ಸ್' ಮತ್ತು 'ಲಾಕ್_ಎನ್‌ಬಿ' ಒಟ್ಟಿಗೆ ಕೊಡಿ (ಎರಡೂ ದೊಡ್ಡಕ್ಷರ), ಸಿಗದಿದ್ದರೆ ಹೊರಬನ್ನಿ. ಆ ಫೈಲ್ ಹ್ಯಾಂಡಲ್ ಇರುವ ವೇರಿಯಬಲ್ ಸ್ಕ್ರಿಪ್ಟ್ ಮುಗಿಯುವವರೆಗೆ ಜೀವಂತ ಇರಬೇಕು. ಫಂಕ್ಷನ್ ಒಳಗೆ ತೆರೆದು ಹಿಂತಿರುಗಿಸದೆ ಬಂದರೆ ಫೈಲ್ ಮುಚ್ಚಿ ಲಾಕ್ ಕೂಡ ಹೋಗುತ್ತದೆ.

ಸೋತಾಗ 'ಎಕ್ಸಿಟ್("ಡೇಟಾಬೇಸ್ ಸಿಗಲಿಲ್ಲ")' ಅಂತ ಬರೆಯುವ ಅಭ್ಯಾಸ ಬಿಡಿ. ಅಕ್ಷರ ಕೊಟ್ಟರೆ ಪಿಎಚ್‌ಪಿ ಅದನ್ನು ಮುದ್ರಿಸಿ 0 ಅಂತ ಹಿಂತಿರುಗಿಸುತ್ತದೆ, ಅಂದರೆ ಗೆದ್ದೆ ಅಂತ. ಸಂದೇಶವನ್ನು 'ಎಸ್‌ಟಿಡಿಇಆರ್‌ಆರ್'ಗೆ (ದೊಡ್ಡಕ್ಷರ, ಎರರ್ ಸಂದೇಶಗಳ ದಾರಿ) ಬರೆದು ನಂತರ 'ಎಕ್ಸಿಟ್(1)' ಮಾಡಿ.

ಹಂತ 10: ಸೈಟ್‌ನಿಂದಲೇ ಸ್ಕ್ರಿಪ್ಟ್ ಕರೆಯಬೇಕಾದರೆ

ಅಡ್ಮಿನ್ ಪುಟದಲ್ಲಿ 'ಈಗಲೇ ಕಳಿಸು' ಅನ್ನುವ ಬಟನ್ ಬೇಕು ಅನ್ನಿ. 'ಪಿಎಚ್‌ಪಿ_ಬೈನರಿ' (ದೊಡ್ಡಕ್ಷರ) ಅನ್ನುವ ಕಾನ್‌ಸ್ಟಂಟ್ ನೋಡಿ ಖುಷಿಪಡಬೇಡಿ. ಸಿಎಲ್‌ಐಯಲ್ಲಿ ಅದು ಸರಿಯಾದ ಪಾತ್ ಕೊಡುತ್ತದೆ. ಎಫ್‌ಪಿಎಂನಲ್ಲಿ ಎಫ್‌ಪಿಎಂ ಬೈನರಿಯ ಪಾತ್ ಕೊಡುತ್ತದೆ, ಅದಕ್ಕೆ ಸ್ಕ್ರಿಪ್ಟ್ ಕೊಟ್ಟರೆ ಓಡುವುದಿಲ್ಲ. ಲಿನಕ್ಸ್‌ನ ಮಾಡ್_ಪಿಎಚ್‌ಪಿಯಲ್ಲಿ ಖಾಲಿ. ಸಿಎಲ್‌ಐ ಪಾತನ್ನು ಕಾನ್ಫಿಗ್ ಫೈಲ್‌ನಲ್ಲೇ ಬರೆಯುವುದು ಸುಲಭ.

ಕರೆಯಲು 'ಪ್ರಾಕ್_ಓಪನ್' ಬಳಸಿ. ಪಿಎಚ್‌ಪಿ 7.4ರಿಂದ ಅದಕ್ಕೆ ಕಮಾಂಡನ್ನು ಅರೇ ಆಗಿ ಕೊಡಬಹುದು. ನಡುವೆ ಶೆಲ್ ಇರುವುದಿಲ್ಲ, ಎಸ್ಕೇಪ್ ಮಾಡುವ ತಲೆನೋವೂ ಇಲ್ಲ. ಆದರೆ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಇಂಥ ಫಂಕ್ಷನ್‌ಗಳನ್ನು ನಿಲ್ಲಿಸಿರುವುದೇ ಹೆಚ್ಚು. ನನ್ನ ಮಟ್ಟಿಗೆ ಬಟನ್ ಒತ್ತಿದಾಗ ಡೇಟಾಬೇಸ್‌ನಲ್ಲಿ ಒಂದು ಸಾಲು ಬರೆದು, ಪ್ರತಿ ನಿಮಿಷ ಓಡುವ ಕ್ರಾನ್ ಅದನ್ನು ಎತ್ತಿಕೊಳ್ಳುವ ಏರ್ಪಾಡೇ ವಾಸಿ. ಅದು ಎಲ್ಲ ಕಡೆ ಒಂದೇ ಥರ ನಡೆಯುತ್ತದೆ.

ಕ್ರಾನೇ ಇಲ್ಲದ ಅಗ್ಗದ ಹೋಸ್ಟಿಂಗ್ ಆದರೆ ಹೊರಗಿನಿಂದ ಕರ್ಲ್ ಮೂಲಕ ಯುಆರ್‌ಎಲ್ ಕರೆಯುವುದೊಂದೇ ದಾರಿ. ಅದಕ್ಕೆ ಕಾವಲು ಸಡಿಲಿಸದೆ, ಬೇರೆಯದೇ ಒಂದು ವೆಬ್ ಫೈಲ್ ಮಾಡಿ. ಇಬ್ಬರೂ ಒಂದೇ ಫಂಕ್ಷನ್ ಕರೆಯಲಿ. ಗುಟ್ಟಿನ ಟೋಕನ್ ಹೆಡರ್‌ನಲ್ಲಿ ಬರಲಿ, ವಿಳಾಸದಲ್ಲಿ ಬೇಡ, ವಿಳಾಸ ಆಕ್ಸೆಸ್ ಲಾಗ್‌ನಲ್ಲಿ ಉಳಿಯುತ್ತದೆ. ಹೋಲಿಸಲು 'ಹ್ಯಾಶ್_ಈಕ್ವಲ್ಸ್' ಬಳಸಿ. ಎಂಜಿನ್‌ಎಕ್ಸ್ ಮೂಲದಲ್ಲಿ 60 ಸೆಕೆಂಡ್ ಕಾದು 504 ಕೊಡುತ್ತದೆ, ಅಪಾಚೆ 2.4ರ ಮಿತಿಯೂ ಅಷ್ಟೇ. ಒಂದು ಸಲಕ್ಕೆ ಐವತ್ತು ಮೇಲ್ ಕಳಿಸಿ, ಎಲ್ಲಿಗೆ ನಿಲ್ಲಿಸಿದಿರಿ ಅಂತ ಬರೆದಿಟ್ಟು ಹೊರಬನ್ನಿ.

ಹಂತ 11: ಕ್ರಾನ್ ಕಣ್ಣಿನಿಂದ ಒಮ್ಮೆ ನೋಡಿ

ಟರ್ಮಿನಲ್‌ನಲ್ಲಿ ಓಡಿತು ಅಂದರೆ ಕ್ರಾನ್‌ನಲ್ಲೂ ಓಡುತ್ತದೆ ಅಂತ ಅಲ್ಲ. ನಿಮ್ಮ ಶೆಲ್‌ನಲ್ಲಿ ಇರುವ ಪಾತ್, ಲ್ಯಾಂಗ್, ಎಕ್ಸ್‌ಪೋರ್ಟ್‌ಗಳನ್ನೆಲ್ಲ ಕಳಚಿ ಓಡಿಸಿ. ಮೊದಲು 'ಸಿಡಿ /' ಮಾಡಿ ಪ್ರಾಜೆಕ್ಟ್ ಫೋಲ್ಡರ್‌ನಿಂದ ದೂರ ಹೋಗಿ. ಆಮೇಲೆ:

ಸುಡೊ -ಯು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಇಎನ್‌ವಿ -ಐ ಪಾತ್=/ಯುಎಸ್‌ಆರ್/ಬಿನ್:/ಬಿನ್ /ಬಿನ್/ಎಸ್‌ಎಚ್ -ಸಿ '/ಯುಎಸ್‌ಆರ್/ಬಿನ್/ಪಿಎಚ್‌ಪಿ8.3 /ಎಸ್‌ಆರ್‌ವಿ/ಸುದ್ದಿ/ಬಿನ್/ಸುದ್ದಿ.ಪಿಎಚ್‌ಪಿ --ಡ್ರೈ-ರನ್'; ಎಕೋ $?

ಇಲ್ಲಿ ಸಮ ಚಿಹ್ನೆಯ ಹಿಂದಿನ 'ಪಾತ್' ದೊಡ್ಡಕ್ಷರ. '--ಡ್ರೈ-ರನ್' ನಾವೇ ಸ್ಕ್ರಿಪ್ಟ್‌ನಲ್ಲಿ ಬರೆದುಕೊಳ್ಳಬೇಕಾದ ಆಯ್ಕೆ. ಅದು ಎಲ್ಲ ಪರೀಕ್ಷೆ ಮಾಡಿ, ಯಾರಿಗೆ ಏನು ಹೋಗಬೇಕು ಅಂತ ತೋರಿಸಿ, ಮೇಲ್ ಮಾತ್ರ ಕಳಿಸುವುದಿಲ್ಲ. ಇದರ ಜೊತೆ ಓಡುತ್ತಿರುವ ಬೈನರಿ, ಐಎನ್‌ಐ ಪಾತ್, ಯೂಸರ್, ಟೈಮ್‌ಝೋನ್, ಈಗಿನ ಗಂಟೆ, ಒಂದು ಕನ್ನಡ ಶೀರ್ಷಿಕೆ, ಒಂದು ಪೂರ್ತಿ ಲಿಂಕ್ ಇಷ್ಟನ್ನೂ ಮುದ್ರಿಸುವಂತೆ ಮಾಡಿ. ಹೊಸ ಸರ್ವರ್‌ಗೆ ಹೋದಾಗ ಈ ಏಳು ಸಾಲು ನೋಡಿದರೆ ಎಲ್ಲಿ ಎಡವಿದೆ ಅಂತ ತಕ್ಷಣ ತಿಳಿಯುತ್ತದೆ. ಕೊನೆಗೆ 0 ಬಂದಿದೆಯಾ ನೋಡಿ. 255 ಬಂದರೆ ಪಿಎಚ್‌ಪಿಯ ಫೇಟಲ್ ಎರರ್, 127 ಬಂದರೆ ಬೈನರಿಯ ಪಾತ್ ತಪ್ಪು.

ಎಲ್ಲ ಸರಿಯಿದ್ದರೆ ಕ್ರಾನ್‌ಗೆ ಹಾಕಿ. ಮರುದಿನ ಬೆಳಿಗ್ಗೆ ಲಾಗ್ ಖಾಲಿ ಇದ್ದರೆ ಸ್ಕ್ರಿಪ್ಟ್ ಬಿಡಿಸಿ ಕೂರಬೇಡಿ. ಕ್ರಾನ್ ಅದನ್ನು ಕರೆದಿದೆಯೋ ಇಲ್ಲವೋ ಅದು ಮೊದಲು. ಉಬುಂಟುವಿನಲ್ಲಿ 'ಜರ್ನಲ್‌ಸಿಟಿಎಲ್ -ಯು ಕ್ರಾನ್', ಆಲ್ಮಾ, ರಾಕಿಗಳಲ್ಲಿ '/ವಿಎಆರ್/ಲಾಗ್/ಕ್ರಾನ್' ನೋಡಿ. ಅಲ್ಲಿ ನಿಮ್ಮ ಸಾಲು ಕಂಡರೆ ತಪ್ಪು ಸ್ಕ್ರಿಪ್ಟ್‌ನ ಕಡೆ ಅಥವಾ ಲಾಗ್ ಫೋಲ್ಡರ್‌ನ ಅನುಮತಿಯ ಕಡೆ. ಕಾಣದಿದ್ದರೆ ಕ್ರಾನ್‌ಟ್ಯಾಬ್‌ನ ಕೊನೆಯ ಸಾಲಿನ ನಂತರ ಎಂಟರ್ ಒತ್ತಿದ್ದೀರಾ ನೋಡಿ, ಇಲ್ಲದಿದ್ದರೆ ಆ ಸಾಲು ಓಡದೇ ಹೋಗಬಹುದು.